ಮತ್ತಿಗಿರಿಯಲ್ಲಿ ಹತ್ತು ಅಡಿಯ ರಿಂಗು

ಅತ್ತಿಬೆಲೆ

ನಮ್ಮ ಬೀದಿಯಲ್ಲಿ ವಿದೇಶಕ್ಕೆ ಹೋಗಿ ಬಂದು ಪುಸ್ತಕ ಬರೆಯದೆ ಉಳಿದವಳು ನಾನೊಬ್ಬಳೇ. ಎದುರು ಮನೆಯವರು ಸಿಂಗಪುರಕ್ಕೆ ಐದು ದಿನ ಹೋಗಿ ಬಂದು ಇನ್ನೂರು ಪುಟ ಬರೆದರು. ಅದರಲ್ಲಿ ನಲವತ್ತು ಪುಟ ಅಲ್ಲಿನ ಕಕ್ಕಸುಗಳು ಎಷ್ಟು ಸ್ವಚ್ಛ ಎಂಬುದಕ್ಕೇ ಹೋಗಿದೆ. ಮೂಲೆಮನೆಯ ನಿವೃತ್ತ ಪ್ರೊಫೆಸರು ಪ್ಯಾರಿಸ್ಸಿನ ಗೋಪುರ ಎಷ್ಟು ಎತ್ತರ, ಅದಕ್ಕೆ ಎಷ್ಟು ಮೊಳೆ ಹೊಡೆದಿದ್ದಾರೆ ಎಂದೆಲ್ಲ ಬರೆದು, ಬಿಡುಗಡೆಯ ದಿನ ನಮಗೆಲ್ಲ ಬೋಂಡಾ ತಿನ್ನಿಸಿದರು. ನನಗೆ ಪಾಸ್‌ಪೋರ್ಟೇ ಇಲ್ಲ. ಮೂವತ್ತೆರಡು ವರ್ಷ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಮೇಡಂ ಆಗಿ ಸೀಟಿ ಊದಿ ನಿವೃತ್ತಳಾದವಳು ನಾನು. ನನ್ನ ವಿದೇಶ ಹೊಸೂರು.

ನಗಬೇಡಿ. ವಿದೇಶ ಅನ್ನಿಸಿಕೊಳ್ಳಲು ಏನೇನು ಬೇಕು? ಒಂದು ಗಡಿ ಬೇಕು. ಅಲ್ಲಿ ಖಾಕಿ ತೊಟ್ಟವನೊಬ್ಬ ಬಸ್ಸಿನೊಳಗೆ ಇಣುಕಿ ನಮ್ಮನ್ನು ಅನುಮಾನದಿಂದ ನೋಡಬೇಕು. ಓದಲು ಬಾರದ ಅಕ್ಷರದ ಬೋರ್ಡುಗಳು ಬೇಕು. ಫೋನು ದುಬಾರಿಯಾಗಬೇಕು. ನನಗೆ ಎಲ್ಲವೂ ಸಿಕ್ಕಿತು. ಅದು 2006ರ ಬೇಸಿಗೆ. ಅತ್ತಿಬೆಲೆಯಲ್ಲಿ ಖಾಕಿಯವನು ನನ್ನ ಕಾಲಬುಡದ ಗೋಣಿಚೀಲವನ್ನು ಲಾಠಿಯಿಂದ ತಿವಿದು "ಏನದು?" ಎಂದ. ಚೆಂಡು ಎಂದೆ. "ಇಷ್ಟೊಂದಾ?" ಎಂದ. ಆರೇ ಆರು ಚೆಂಡಿದ್ದವು. ಚೆಂಡಿನ ವಿಷಯದಲ್ಲಿ ಕಾನೂನು ಏನು ಹೇಳುತ್ತದೋ ಅವನಿಗೂ ಗೊತ್ತಿರಲಿಲ್ಲ, ಇಳಿದು ಹೋದ. ಗಡಿ ದಾಟಿದ ಕೂಡಲೇ ನನ್ನ ಮೊಬೈಲು ಕುಂಯ್‌ಗುಟ್ಟಿ ರೋಮಿಂಗ್ ಎಂದು ತೋರಿಸಿತು. ಅದೇ ಹೊತ್ತಿಗೆ ತಂಗಿಯ ಫೋನು. "ರೋಮಿಂಗು, ಇಡು ಇಡು" ಎಂದು ನಾನು ಕಿರುಚಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು.

ನನ್ನನ್ನು ಕರೆಸಿಕೊಂಡವಳು ಸುಜಾತ. ನನ್ನ ಹಳೆಯ ವಿದ್ಯಾರ್ಥಿನಿ, ಒಂದು ಕಾಲದಲ್ಲಿ ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅಂಪೈರಿಗೆ ಕಾಣದಂತೆ ಎದುರಾಳಿಯ ಕಾಲು ತುಳಿಯುವುದರಲ್ಲಿ ನಿಪುಣೆ. ಈಗ ಮತ್ತಿಗಿರಿಯಲ್ಲಿ ಸಂಸಾರ. ಗಂಡ ನಂಜುಂಡಸ್ವಾಮಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವವರು. ಬಡಾವಣೆಯಲ್ಲಿ ಆರರಿಂದ ಎಂಟು ವರ್ಷದ ಇಪ್ಪತ್ತೆರಡು ಮಕ್ಕಳಿವೆ, ರಜ ಶುರುವಾಗಿದೆ, ಹತ್ತು ದಿನ ಬಂದು ಬ್ಯಾಸ್ಕೆಟ್‌ಬಾಲ್ ಕಲಿಸಿಕೊಡಿ ಮೇಡಂ ಎಂದು ಸುಜಾತ ಕೇಳಿದಾಗ ನಾನು ಯೋಚಿಸಲೂ ಇಲ್ಲ. ಮನೆಯಲ್ಲಿ ಕೂತು ಮಂಡಿ ಉಜ್ಜಿಕೊಳ್ಳುವುದು ಬಿಟ್ಟರೆ ನನಗೆ ಬೇರೆ ಕಾರ್ಯಕ್ರಮಗಳೇನೂ ಇರಲಿಲ್ಲ.

ಆಲಸನತ್ತಂ

ಹೊಸೂರಿನ ಬಸ್ ನಿಲ್ದಾಣದಲ್ಲಿ ಕೇಳಲೆಂದೇ ನಾನು ದಾರಿಯುದ್ದಕ್ಕೂ ಒಂದು ತಮಿಳು ವಾಕ್ಯವನ್ನು ಉರು ಹೊಡೆದಿದ್ದೆ. ಮತ್ತಿಗಿರಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದಷ್ಟೇ ಅದರ ಅರ್ಥ. ಹೂವು ಕಟ್ಟುತ್ತಿದ್ದ ಹೆಂಗಸಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಮತ್ತಿಗಿರಿ ಬಸ್ ಎಂಗೆ ನಿಕ್ಕುಂ?" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಗಾ, ಅಲ್ಲಿ ನಿಂತೈತಲ್ಲಕ್ಕ, ಅದೇಯ. ನೀನ್ಯಾಕೆ ತಮಿಳ್ನಾಗೆ ಒದ್ದಾಡ್ತೀಯ?" ಎಂದಳು.

ನನಗೆ ಎಷ್ಟು ಅವಮಾನವಾಯಿತೆಂದರೆ ಅವಳು ತೋರಿಸಿದ ಬಸ್ಸನ್ನು ಬಿಟ್ಟು ಪಕ್ಕದ ಬಸ್ಸು ಹತ್ತಿದೆ. ಅದು ನನ್ನನ್ನು ಆಲಸನತ್ತಂಗೆ ಒಯ್ದು ಇಳಿಸಿತು. ಅಲ್ಲಿ ಅರ್ಧ ಕಟ್ಟಿದ ಮನೆಗಳ ನಡುವೆ, ಚೆಂಡಿನ ಚೀಲವನ್ನು ತಬ್ಬಿಕೊಂಡು ಒಂದು ಟೀ ಅಂಗಡಿಯ ಮುಂದೆ ನಿಂತೆ. ಅಲ್ಲಿದ್ದವರೆಲ್ಲ ಒಂದೊಂದು ಬಣ್ಣದ ಯೂನಿಫಾರಂ ತೊಟ್ಟಿದ್ದರು. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಒಬ್ಬರೂ ಗಡಿಯಾರ ನೋಡಲಿಲ್ಲ. "ಸೆಕೆಂಡ್ ಶಿಫ್ಟ್ ಹೋಗ್ಬುಟ್ಟ ಮೇಲೆ ಒಂದು ಬತ್ತೈತೆ" ಎಂದರು.

ಒಬ್ಬ ಸಭ್ಯ ಮನುಷ್ಯ ನನಗೆ ಬೆಂಚು ಬಿಟ್ಟುಕೊಟ್ಟು ಮಾತಿಗೆಳೆದ. ಸುಜಾತಳ ಗಂಡನ ಹೆಸರು ಹೇಳಿದೆ. "ಪರ್ಮನೆಂಟಾ, ಕಾಂಟ್ರಾಕ್ಟಾ?" ಎಂದು ಕೇಳಿದ. ಪರ್ಮನೆಂಟ್ ಎಂದ ಮೇಲೆ ಅವನ ದನಿಗೆ ಒಂದು ಮರ್ಯಾದೆ ಬಂತು, ನನ್ನ ಟೀಗೆ ಇನ್ನೊಂದು ಚಮಚ ಸಕ್ಕರೆ ಬಂತು. ನಮ್ಮ ಮೈಸೂರಿನಲ್ಲಿ ಹೊಸಬರನ್ನು ಕಂಡರೆ ನಾವು "ತಮ್ಮದು ಯಾವ ಕಡೆ?" ಎಂದು ನಯವಾಗಿ ಶುರುಮಾಡಿ, ಮೂರನೆಯ ಪ್ರಶ್ನೆಯ ಹೊತ್ತಿಗೆ ಜಾತಿ ತಿಳಿದುಕೊಂಡಿರುತ್ತೇವೆ. ಇಲ್ಲಿ ಪರ್ಮನೆಂಟಾ ಕಾಂಟ್ರಾಕ್ಟಾ ಎಂದು ಒಂದೇ ಪ್ರಶ್ನೆಯಲ್ಲಿ ಮುಗಿಸುತ್ತಾರೆ. ಪ್ರಗತಿ ಎಂದರೆ ಇದೇ ಇರಬೇಕು.

ಮತ್ತಿಗಿರಿಯ ಗೋಡೆ

ಮೊದಲ ಸಂಜೆಯೇ ಬಡಾವಣೆಯ ತಂದೆತಾಯಿಗಳು ಸುಜಾತಳ ಮನೆಯ ಹಜಾರದಲ್ಲಿ ಸೇರಿದರು. ಹೆಚ್ಚಿನವರು ನಮ್ಮ ಕಡೆಯಿಂದಲೇ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದವರು. ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಇಷ್ಟು ಚಿಕ್ಕ ಮಕ್ಕಳಿಗೆ ಕಸರತ್ತು ಮಾಡಿಸಬಾರದು, ಸಾಲಾಗಿ ನಿಲ್ಲಿಸಿ ಸೀಟಿ ಊದಬಾರದು, ಎಲ್ಲವನ್ನೂ ಆಟದ ಮೂಲಕ ಕಲಿಸಬೇಕು, ಕಲಿಯುತ್ತಿದ್ದೇವೆ ಎಂದು ಅವಕ್ಕೆ ಗೊತ್ತೇ ಆಗಬಾರದು ಎಂದೆಲ್ಲ ಹೇಳಿದೆ. ನನ್ನ ಮಾತಿಗೆ ನಾನೇ ತಲೆದೂಗುವಷ್ಟು ಚೆನ್ನಾಗಿ ಹೇಳಿದೆ. ಏನಾದರೂ ಕೇಳುವುದಿದ್ದರೆ ಕೇಳಿ ಎಂದೆ.

"ಹೈಟ್ ಬರುತ್ತಾ ಮೇಡಂ?" ಎಂದರು ಒಬ್ಬರು.

ಉಳಿದವರದೂ ಅದೇ ಪ್ರಶ್ನೆ. ಹತ್ತು ದಿನಕ್ಕೆ ಎಷ್ಟು ಬರುತ್ತೆ, ಹೆಣ್ಣುಮಕ್ಕಳಿಗೆ ಬೇರೆ ಲೆಕ್ಕವಾ, ಜೊತೆಗೆ ಹಾಲು ಕೊಡಬೇಕಾ, ನೇತಾಡಿಸಬೇಕಾ. ಬ್ಯಾಸ್ಕೆಟ್‌ಬಾಲ್ ಆಡುವವರು ಉದ್ದವಿರುವುದು ಉದ್ದವಿದ್ದವರನ್ನು ಆರಿಸಿಕೊಳ್ಳುವುದರಿಂದ, ಚೆಂಡು ಯಾರನ್ನೂ ಮೇಲಕ್ಕೆ ಎಳೆಯುವುದಿಲ್ಲ ಎಂದೆ. ನಾನು ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂಬಂತೆ ಎಲ್ಲರೂ ನಕ್ಕರು. ನನ್ನ ಐದಡಿ ಎರಡಂಗುಲದ ದೇಹ ಅವರ ಕಣ್ಣೆದುರಿಗೇ ಕೂತಿತ್ತು, ಒಬ್ಬರೂ ಅದನ್ನು ಸಾಕ್ಷಿಯಾಗಿ ಪರಿಗಣಿಸಲಿಲ್ಲ.

ನಂಜುಂಡಸ್ವಾಮಿ ಮಾತ್ರ ಏನೂ ಕೇಳಲಿಲ್ಲ. ಅವರು ಕೇಳುವ ಪೈಕಿಯಲ್ಲ, ಅಳೆಯುವ ಪೈಕಿ ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು. ಅಡುಗೆಮನೆಯ ಪಕ್ಕದ ಗೋಡೆಗೆ ಒಂದು ಸ್ಟೀಲ್ ಟೇಪನ್ನು ನೆಟ್ಟಗೆ ಅಂಟಿಸಿದ್ದರು. ಅವರ ಮಗಳು ಇಂಚರ, ಆರೂವರೆ ವರ್ಷದವಳು, ಹಲ್ಲುಜ್ಜಿದ ಕೂಡಲೇ ಬಂದು ಅದಕ್ಕೆ ಬೆನ್ನುಕೊಟ್ಟು ನಿಂತಳು. ಅಪ್ಪ ಕಾರ್ಖಾನೆಯ ಲೋಹದ ಮೂಲೆಮಟ್ಟವನ್ನು ಅವಳ ನೆತ್ತಿಯ ಮೇಲಿಟ್ಟು, ಕಣ್ಣು ಕಿರಿದು ಮಾಡಿ ಓದಿ, ಗೋಡೆಗೆ ತೂಗುಹಾಕಿದ ಚಾರ್ಟಿನಲ್ಲಿ ಬರೆದರು. ಸಾವಿರದ ಎಂಬತ್ತು. ಮಿಲಿಮೀಟರುಗಳಲ್ಲಿ. ಚಾರ್ಟಿನಲ್ಲಿ ಹಸಿರು ಗೆರೆ ಅವಳ ವಯಸ್ಸಿಗೆ ಇರಬೇಕಾದ ಎತ್ತರ, ಅದರ ಎಷ್ಟೋ ಕೆಳಗೆ ಕೆಂಪು ಗೆರೆ ಅವಳದು.

"ದಿನಾ ಅಳೀತೀರಾ?" ಎಂದೆ.

"ವಾರಕ್ಕೊಂದ್ಸಲ ಅಳೆದ್ರೆ ಟ್ರೆಂಡ್ ಗೊತ್ತಾಗಲ್ಲ ಮೇಡಂ" ಎಂದರು, ಬಹಳ ಗೌರವದಿಂದ. ಚಾರ್ಟಿನ ಆ ದಿನದ ತಾರೀಖಿನ ಎದುರು 'ಬಿ.ಬಾಲ್ ಆರಂಭ' ಎಂದು ಬರೆದಿದ್ದರು. ಅಂದರೆ ನಾನು ಆ ಮನೆಗೆ ಅತಿಥಿಯಾಗಿ ಬಂದವಳಲ್ಲ, ಗೊಬ್ಬರವಾಗಿ ಬಂದವಳು.

ಅವರು ಶಿಫ್ಟಿಗೆ ಹೋದ ಮೇಲೆ ಸುಜಾತ ದೋಸೆ ಮಗುಚುತ್ತ ಹೇಳಿದಳು. "ಬೈಬೇಡಿ ಮೇಡಂ ಅವರನ್ನ. ಪೊಲೀಸ್ ಸೆಲೆಕ್ಷನ್‌ನಲ್ಲಿ ಎರಡು ಸೆಂಟಿಮೀಟರ್ ಕಮ್ಮಿ ಅಂತ ಸಾಲಿಂದ ಈಚೆ ಎಳೆದುಬಿಟ್ರಂತೆ. ಎಲ್ಲರೆದುರಿಗೆ. ಅವತ್ತಿಂದ ಹಿಂಗೆ."

ಬೈಯಲು ತಯಾರಾಗಿದ್ದ ನನಗೆ ಇದು ಹಿಡಿಸಲಿಲ್ಲ. ಕೋಪಕ್ಕೆ ಅನುಕೂಲವಾದ ಮನುಷ್ಯರ ಹಿಂದೆ ಇಂಥದ್ದೊಂದು ಕಥೆ ಇರಬಾರದು. ನಾನು ಸುಮ್ಮನೆ ದೋಸೆ ತಿಂದೆ. ಅಷ್ಟರಲ್ಲಿ ಇಂಚರ ಹಾಲಿನ ಲೋಟ ಹಿಡಿದು ಪಕ್ಕಕ್ಕೆ ಬಂದು ಕೂತಳು.

"ಅಜ್ಜಿ, ಹತ್ತು ದಿನಕ್ಕೆ ನಾನು ಎಷ್ಟು ಮಿಲಿಮೀಟರ್ ಬರ್ತೀನಿ?"

"ಬರದಿದ್ರೆ ಏನೀಗ?"

"ಅಪ್ಪನ ಕಂಪನೀಲಿ ಸೈಜ್ ಬರ್ದೇ ಇರೋದನ್ನ ಕೆಂಪು ಡಬ್ಬಕ್ಕೆ ಹಾಕ್ತಾರೆ" ಎಂದಳು. ಹೆದರಿಕೆಯಿಂದಲ್ಲ, ತಿಳಿದದ್ದನ್ನು ನನಗೂ ತಿಳಿಸುವವಳ ಹಾಗೆ.

ಮೈದಾನ

ಮೈದಾನ ಎಂದು ಸುಜಾತ ಹೇಳಿದ್ದು ಬಡಾವಣೆಯ ಪಾರ್ಕಿಗೆಂದು ಬಿಟ್ಟಿದ್ದ ಜಾಗ. ಪಾರ್ಕಿನ ಬೋರ್ಡು ಇತ್ತು, ಪಾರ್ಕಿರಲಿಲ್ಲ. ಅರ್ಧಕ್ಕೆ ಸಿಮೆಂಟು ಹಾಕಿ ನಿಲ್ಲಿಸಿದ್ದರು, ಉಳಿದರ್ಧ ಪಾರ್ಥೇನಿಯಂ. ಚೆಂಡು ಹಾಕುವ ರಿಂಗು ಇಲ್ಲ, ಅದರ ಹಿಂದಿನ ಹಲಗೆಯೂ ಇಲ್ಲ, ಒಂದು ಕಬ್ಬಿಣದ ಕಂಬ ಮಾತ್ರ ಯಾವುದೋ ಕಾಲದ ದೀಪಕ್ಕಾಗಿ ಕಾದು ನಿಂತಿತ್ತು. ನನಗೆ ಖುಷಿಯಾಯಿತು. ರಿಂಗ್ ಕಂಡರೆ ಮಕ್ಕಳು ಬೇರೇನನ್ನೂ ಕಲಿಯುವುದಿಲ್ಲ.

ಮಕ್ಕಳ ಮಾತು ಕೇಳಿ ಮೊದಲ ದಿನ ನನ್ನ ತಲೆ ತಿರುಗಿತು. ಎಣಿಸುವುದು ತಮಿಳಿನಲ್ಲಿ, ಜಗಳ ಕನ್ನಡದಲ್ಲಿ, ಗೆದ್ದಾಗ ಕೂಗುವುದು ತೆಲುಗಿನಲ್ಲಿ, ನನ್ನ ಹತ್ತಿರ ಚಾಡಿ ಹೇಳುವುದು ಮಾತ್ರ ಇಂಗ್ಲಿಷಿನಲ್ಲಿ. ನಾನು ಮೂವತ್ತೆರಡು ವರ್ಷ ಒಂದೇ ಭಾಷೆಯಲ್ಲಿ ಬೈದವಳು, ಇಲ್ಲಿ ಯಾವ ಭಾಷೆಯಲ್ಲಿ ಬೈದರೂ ಯಾರೋ ಒಬ್ಬ ಅರ್ಥವಾಗಲಿಲ್ಲವೆಂಬ ಮುಖ ಮಾಡುತ್ತಿದ್ದ.

ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವುದಕ್ಕೆ ಡ್ರಿಬಲ್ ಎನ್ನುತ್ತಾರೆ. ಮಕ್ಕಳು ಅದನ್ನು ಎದೆಯೆತ್ತರಕ್ಕೆ ಧಬಧಬ ಬಡಿಯುತ್ತವೆ, ಕೆಳಗೆ ಬಗ್ಗಿ ಮೆಲ್ಲಗೆ ಪುಟಿಸುವುದನ್ನು ಕಲಿಸಲು ವಾರ ಬೇಕು. ಮೈಸೂರಿನಲ್ಲಿ ನಾನು "ಮೊಲ ಮಲಗಿದೆ" ಎಂಬ ಆಟ ಆಡಿಸುತ್ತಿದ್ದೆ. ಇಲ್ಲಿ ಮೊಲದ ಹೆಸರೆತ್ತಿದ್ದಕ್ಕೆ ಒಂದು ಹುಡುಗಿ, "ಮೊಲ ಬ್ಯಾಡ ಮಿಸ್, ಅಪ್ಪ ನೈಟ್ ಶಿಫ್ಟ್ ಮುಗ್ಸಿ ಮಲ್ಗವ್ರೆ ಅಂತ ಇಕ್ಕಣ" ಎಂದಳು. ಒಬ್ಬ ಅಪ್ಪನಾಗಿ ನಡುವೆ ಮಲಗಿದ. ಉಳಿದವರು ಚೆಂಡು ಪುಟಿಸುತ್ತ ಸುತ್ತಬೇಕು, ಸದ್ದಾದರೆ ಅಪ್ಪ ಎದ್ದು ಅಟ್ಟಿಸಿಕೊಂಡು ಬರುತ್ತಾನೆ. ನೀವು ನಂಬಬೇಕು, ಹತ್ತೇ ನಿಮಿಷದಲ್ಲಿ ಆ ಮಕ್ಕಳು ಬೆರಳ ತುದಿಯಲ್ಲಿ, ಮಂಡಿಗಿಂತ ಕೆಳಗೆ, ಚೆಂಡೇ ಇಲ್ಲವೇನೋ ಎಂಬಷ್ಟು ಮೆತ್ತಗೆ ಡ್ರಿಬಲ್ ಮಾಡಿದವು. ಮನೆಯಲ್ಲಿ ವರ್ಷಗಟ್ಟಲೆ ಅಭ್ಯಾಸವಾಗಿತ್ತು. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಬೇಗ ಯಾರೂ ಕಲಿತಿರಲಿಲ್ಲ.

ಓಡುತ್ತಿದ್ದವರು ಗಕ್ಕನೆ ಎರಡು ಕಾಲಮೇಲೆ ನಿಲ್ಲುವುದನ್ನು ಕಲಿಸಲು "ಕರೆಂಟ್ ಹೋಯ್ತು" ಎಂದು ಕೂಗುವುದು ಸಾಕಾಯಿತು. ಎದುರಾಳಿಯಿಂದ ಚೆಂಡು ಕಾಪಾಡಿಕೊಳ್ಳಲು ಚೆಕ್‌ಪೋಸ್ಟ್ ಆಟ. ನಾಲ್ಕು ಜನ ಆಫೀಸರುಗಳು ಗಡಿಯಲ್ಲಿ ನಿಂತು ಚೆಂಡು ಕಸಿಯುತ್ತಾರೆ, ಉಳಿದವರು ಮೈ ಅಡ್ಡ ಕೊಟ್ಟು ದಾಟಬೇಕು. ಇಂಚರ ಎಲ್ಲರಿಗಿಂತ ಗಿಡ್ಡ, ಆಫೀಸರುಗಳ ಕಂಕುಳ ಕೆಳಗೇ ನುಸುಳಿ ಹೋಗುತ್ತಿದ್ದಳು. ಮೂರನೆಯ ದಿನ ಅವಳನ್ನು ತಮ್ಮ ಗುಂಪಿಗೆ ಕೊಡಿ ಎಂದು ಎರಡು ಗುಂಪುಗಳು ಜಗಳವಾಡಿದವು. ಅವಳು ನಡುವೆ ನಿಂತು ಅವರನ್ನೂ ಇವರನ್ನೂ ನೋಡುತ್ತಿದ್ದಳು, ತನಗಾಗಿ ಜನ ಕಿತ್ತಾಡಬಹುದು ಎಂಬುದು ಅವಳಿಗೆ ಹೊಸ ವಿಷಯವಾಗಿತ್ತು.

ಅವಲಪಲ್ಲಿ

ರಿಂಗಿಲ್ಲದೆ ಎಷ್ಟು ದಿನ? ನಾಲ್ಕನೆಯ ದಿನ ಸುಜಾತ ನನ್ನನ್ನು ಅವಲಪಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮುನಿಯಪ್ಪನೆಂಬ ಮನುಷ್ಯ. ತಾತನ ಕಾಲದಿಂದ ಅಲ್ಲೇ ಬೇಸಾಯ, ಜೊತೆಗೆ ನಂಜುಂಡಸ್ವಾಮಿಯ ಕಾರ್ಖಾನೆಯಲ್ಲೇ ವೆಲ್ಡರು. ನಾವು ಹೋದಾಗ ಹೊಲದ ಬದಿಯಲ್ಲಿ ಲಾರಿ ನಿಂತಿತ್ತು, ಕೋಸು ತುಂಬುತ್ತಿದ್ದರು. ಕೆಳಗಿನಿಂದ ಒಬ್ಬ ಎಸೆಯುವುದು, ಮೇಲೆ ನಿಂತ ಮುನಿಯಪ್ಪ ಹಿಡಿಯುವುದು. ಒಂದು ಕೋಸೂ ಬೀಳಲಿಲ್ಲ, ಒಂದಕ್ಕೂ ಪೆಟ್ಟಾಗಲಿಲ್ಲ. ಅವನು ಕೈಯನ್ನು ಮುಂದಕ್ಕೆ ಚಾಚಿ, ಕೋಸು ತಾಕುತ್ತಿದ್ದಂತೆ ಎದೆಯತ್ತ ತಂದುಕೊಳ್ಳುತ್ತಿದ್ದ. ಚೆಂಡು ಹಿಡಿಯುವುದಕ್ಕೆ ಇದಕ್ಕಿಂತ ಚೆನ್ನಾದ ಪಾಠವನ್ನು ನಾನು ಯಾವ ತರಬೇತಿ ಶಿಬಿರದಲ್ಲೂ ಕಂಡಿಲ್ಲ. ಶಿಬಿರಗಳಲ್ಲಿ ನಮಗೆ ಹೆಚ್ಚಾಗಿ ಕಲಿಸಿದ್ದು ಸರ್ಟಿಫಿಕೇಟು ಹಿಡಿಯುವುದನ್ನು.

ರಿಂಗಿನ ವಿಷಯ ಹೇಳಿದೆ. "ಅಳವು ಯೋಳು ಮೇಡಮ್ಮ" ಎಂದ. ಒಳಗಿನ ಅಗಲ ಹದಿನೆಂಟು ಅಂಗುಲ, ನೆಲದಿಂದ ಎಂಟಡಿ ಎತ್ತರ ಎಂದೆ. ದೊಡ್ಡವರಿಗೆ ಹತ್ತಡಿ, ಆದರೆ ಇವು ಚಿಕ್ಕ ಮಕ್ಕಳು, ಚೆಂಡು ಮುಟ್ಟಬೇಕಲ್ಲ ಎಂದು ವಿವರಿಸಿದೆ.

"ಅದ್ಕೇನಂತೆ, ಸಂಜೀಕೆ ಬತ್ತೀನಿ" ಎಂದ. ಬಂದ. ವೆಲ್ಡ್ ಮಾಡಿದ ರಿಂಗನ್ನು ಬೋಲ್ಟು ಹಾಕಿ ಕಂಬಕ್ಕೆ ಬಿಗಿದ. ಆಮೇಲೆ ಬೀಡಿ ಹಚ್ಚಿಕೊಂಡು ಮಕ್ಕಳನ್ನು ನೋಡುತ್ತ ನಿಂತವನು ತಡೆಯಲಾರದೆ, "ಅಂಗಲ್ಲ ಕಣ್ಲಾ, ಕೋಸು ಹಿಡ್ಯಂಗೆ ಹಿಡೀಲಾ! ಒಡ್ದೋಯ್ತದೆ ಅಂದ್ಕ!" ಎಂದು ಒಳಗೆ ನುಗ್ಗಿಯೇಬಿಟ್ಟ. ಆ ದಿನದಿಂದ ಫಸ್ಟ್ ಶಿಫ್ಟ್ ಮುಗಿಸಿ ಬಂದು ಅವನೇ ಪಾಸಿಂಗ್ ಕಲಿಸಿದ. ನಾನು ನೆರಳಲ್ಲಿ ಕೂತು ಮಂಡಿ ಉಜ್ಜಿಕೊಂಡೆ.

ಅದೇ ಸಂಜೆ ನಂಜುಂಡಸ್ವಾಮಿ ರಿಂಗನ್ನು ಬಂದು ನೋಡಿದರು. ಜೇಬಿನಿಂದ ಟೇಪು ತೆಗೆದರು, ಅಳೆದರು, ಸೀದಾ ಬ್ರೌಸಿಂಗ್ ಸೆಂಟರಿಗೆ ಹೋದರು. ಬರುವಾಗ ಕೈಯಲ್ಲಿ ನಾಲ್ಕು ಹಾಳೆ ಪ್ರಿಂಟು.

"ಮೇಡಂ, ಇದರಲ್ಲಿ ಮೂರು ಸಾವಿರದ ಐವತ್ತು ಮಿಲಿಮೀಟರ್ ಅಂತಿದೆ. ಪ್ಲಸ್ ಆರ್ ಮೈನಸ್ ಆರು. ನಮ್ಮದು ಆರ್ನೂರಕ್ಕೂ ಹೆಚ್ಚು ಔಟ್."

"ಅದು ದೊಡ್ಡವರ ಆಟದ ನಿಯಮ ನಂಜುಂಡಸ್ವಾಮಿ. ಮಕ್ಕಳದ್ದು ಬೇರೆ ಪುಸ್ತಕ."

"ಪುಸ್ತಕ ತೋರಿಸಿ ಮೇಡಂ."

ಪುಸ್ತಕ ಮೈಸೂರಿನಲ್ಲಿ, ಅಟ್ಟದ ಮೇಲೆ, ಟ್ರಂಕಿನೊಳಗೆ. ಹಾಗೆಂದು ಹೇಳಿದೆ. ಅವರು ವಿನಯವಾಗಿ ತಲೆಯಾಡಿಸಿದರು. ತಮ್ಮೆದುರು ನಿಲ್ಲುವ ಪ್ರತಿಯೊಬ್ಬನೂ ಕಾಗದ ಮನೆಯಲ್ಲಿದೆ ಎಂದೇ ಹೇಳುತ್ತಾನೆ ಎಂಬ ಅನುಭವ ಆ ತಲೆಯಾಡಿಸುವಿಕೆಯಲ್ಲಿತ್ತು.

ಎಂಟನೆಯ ದಿನ ಇಂಚರ ರಿಂಗಿಗೆ ಚೆಂಡು ಹಾಕಿದಳು. ಮೊದಲ ಸಲ. ಎರಡೂ ಕೈಯಿಂದ ಮಂಡಿಯ ನಡುವೆ ತೂಗಿ, ಬಾಯಿ ತೆರೆದುಕೊಂಡು ಎಸೆದ ಚೆಂಡು ರಿಂಗಿನ ಅಂಚಿಗೆ ತಾಕಿ, ಯೋಚಿಸಿ, ಒಳಗೆ ಬಿತ್ತು. ಅವಳು ಮೈದಾನಕ್ಕೆ ಎರಡು ಸುತ್ತು ಓಡಿ, ಪಾರ್ಥೇನಿಯಂ ಒಳಗೂ ಓಡಿ, ಅಲ್ಲಿಂದ ಸೀನುತ್ತ ಬಂದು ನನ್ನ ಸೊಂಟವನ್ನು ಅಪ್ಪಿಕೊಂಡಳು. ಸಂಜೆ ಅಪ್ಪ ಗಾಡಿ ನಿಲ್ಲಿಸುವುದಕ್ಕೂ ಬಿಡದೆ ಸುದ್ದಿ ಹೇಳಿದಳು. ಅವರಿಗೆ ಸಂತೋಷವಾಯಿತು, ಅದು ಮುಖದಲ್ಲಿ ಕಂಡಿತು. ಆದರೆ ಬಾಯಿಂದ ಬಂದದ್ದು ಬೇರೆ.

"ಎಂಟಡೀಲಿ ತಾನೆ ಪುಟ್ಟಿ? ಅದು ಲೆಕ್ಕಕ್ಕಿಲ್ಲ."

ಅವಳು ಹೌದೆಂದು ತಲೆಯಾಡಿಸಿ ಒಳಗೆ ಹೋದಳು. ಆ ಕ್ಷಣ ನನಗೆ ಅವರ ನಾಲ್ಕು ಹಾಳೆಯನ್ನೂ ಅವರ ಬಾಯಿಗೇ ತುರುಕಬೇಕೆನ್ನಿಸಿತು. ಅತಿಥಿಯಾದ್ದರಿಂದ ತುರುಕಲಿಲ್ಲ.

ಭಾನುವಾರ

ಹತ್ತನೆಯ ದಿನ ಪ್ರದರ್ಶನ. ಬಡಾವಣೆಯ ಸಂಘದವರು ಶಾಮಿಯಾನ ಹಾಕಿಸಿ, ಕಾರ್ಖಾನೆಯ ದೊಡ್ಡ ಮ್ಯಾನೇಜರರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ದೊಡ್ಡವರು ಬರುತ್ತಾರೆಂದ ಮೇಲೆ ರಿಂಗು ಅಳತೆ ತಪ್ಪಿ ನಿಂತಿರುವುದನ್ನು ಸಹಿಸುವುದು ಹೇಗೆ? ಶನಿವಾರ ಮಕ್ಕಳಿಗೆ ರಜ ಕೊಟ್ಟು ನಾನು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ನಂಜುಂಡಸ್ವಾಮಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಏಣಿ ಹತ್ತಿ ರಿಂಗನ್ನು ಮೇಲಕ್ಕೆ ಸಾಗಿಸಿದ್ದರು. ನನಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಮಕ್ಕಳೊಂದಿಗೆ ಮೈದಾನಕ್ಕೆ ಬಂದಾಗ. ಮಕ್ಕಳು ಕತ್ತೆತ್ತಿ ನೋಡುತ್ತ ನಿಂತವು.

ಮುಖ್ಯ ಅತಿಥಿಗಳು ತಡವಾಗಿ ಬಂದು, ಟೀಮ್‌ವರ್ಕ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ಶಾಲು ಹೊದ್ದು, ಮಕ್ಕಳು ಒಂದು ಚೆಂಡನ್ನೂ ಮುಟ್ಟುವ ಮೊದಲೇ ಇನ್ನೊಂದು ಕಾರ್ಯಕ್ರಮವಿದೆಯೆಂದು ಹೊರಟುಹೋದರು. ಯಾರಿಗಾಗಿ ರಿಂಗು ಮೇಲೇರಿತ್ತೋ ಅವರು ರಿಂಗಿನ ಕಡೆ ನೋಡಲೂ ಇಲ್ಲ.

ಆಮೇಲೆ ಆಟಗಳು ಚೆನ್ನಾಗಿಯೇ ನಡೆದವು. ಅಪ್ಪ ನೈಟ್ ಶಿಫ್ಟ್ ಆಟಕ್ಕೆ ತಾಯಂದಿರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಅಪ್ಪಂದಿರು ಅಷ್ಟಾಗಿ ನಗಲಿಲ್ಲ. ಕೊನೆಗೆ ರಿಂಗಿಗೆ ಹಾಕುವ ಸರದಿ. ನಂಜುಂಡಸ್ವಾಮಿ ಪ್ಯಾಡು ಹಿಡಿದು ಲೆಕ್ಕ ಬರೆಯಲು ಕೂತಿದ್ದರು. ನೆಲದಲ್ಲಿ ಸುಣ್ಣದಿಂದ ಎರಡು ಗೆರೆ ಎಳೆದಿತ್ತು, ಹಾಕಿದವರು ಬಲಕ್ಕೆ, ಹಾಕದವರು ಎಡಕ್ಕೆ. ಮೊದಲನೆಯವನು ಎಸೆದ, ರಿಂಗಿನ ಒಂದು ಮೊಳ ಕೆಳಗೇ ಚೆಂಡು ತಿರುಗಿತು. ಎಡಕ್ಕೆ. ಎರಡನೆಯವಳು, ಎಡಕ್ಕೆ. ಇಪ್ಪತ್ತೊಂದು ಮಕ್ಕಳು ಎಸೆದವು, ಇಪ್ಪತ್ತೊಂದು ಮಕ್ಕಳೂ ಎಡಗಡೆ ಸಾಲಿನಲ್ಲಿ ನಿಂತವು. ಬಲಗಡೆಯ ಗೆರೆ ಖಾಲಿ.

ಕೊನೆಯವಳು ಇಂಚರ. ಚೆಂಡು ಹಿಡಿದು ರಿಂಗನ್ನು ನೋಡಿದಳು. ಎಸೆಯಲಿಲ್ಲ. ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟು, ತಾನೇ ನಡೆದು ಹೋಗಿ ಎಡಗಡೆ ಸಾಲಿನ ಕೊನೆಯಲ್ಲಿ ನಿಂತಳು.

"ಎಸೀ ಪುಟ್ಟಿ" ಎಂದರು ಅಪ್ಪ.

"ನಂದು ಸೈಜ್ ಬರಲ್ಲ ಅಪ್ಪ. ಬರ್ಕೊಂಬಿಡು."

ನನ್ನ ಕೋಪ ಆ ಹೊತ್ತಿಗೆ ಅತಿಥಿ ಮರ್ಯಾದೆಯನ್ನು ದಾಟಿತ್ತು. ನಂಜುಂಡಸ್ವಾಮಿಯ ಎದುರು ನಿಂತು ಅವರ ಪ್ಯಾಡನ್ನು ಕಿತ್ತುಕೊಂಡು, ಹಿಂಬದಿಯ ಹಾಳೆಯಲ್ಲಿ ಲೆಕ್ಕ ಮಾಡಿದೆ. ನಿಮ್ಮ ಎತ್ತರ ನೂರ ಅರವತ್ತಾರು ಸೆಂಟಿಮೀಟರು, ಮಗಳದ್ದು ನೂರಾ ಎಂಟು. ಅವಳಿಗೆ ಮೂರು ಮೀಟರು ಅಂದರೆ ನಿಮಗೆ ನಾಲ್ಕೂವ‌ರೆ ಮೀಟರಿಗೂ ಮೇಲೆ. ಅಷ್ಟು ಎತ್ತರಕ್ಕೆ ರಿಂಗು ಕಟ್ಟಿಸುತ್ತೇನೆ, ನೀವು ಹಾಕಿ ತೋರಿಸಿ ಎಂದೆ. ಇಡೀ ಶಾಮಿಯಾನ ನನ್ನ ಕಡೆಗಿತ್ತು. ಅವರು ನಾಚಿ ತಲೆ ತಗ್ಗಿಸುತ್ತಾರೆಂದು ನಾನು ಕಾದೆ.

ಅವರು ಪ್ಯಾಡು ತೆಗೆದುಕೊಂಡು ಲೆಕ್ಕವನ್ನು ಪರೀಕ್ಷಿಸಿದರು. "ನಾಲ್ಕು ಪಾಯಿಂಟ್ ಆರು ಒಂಬತ್ತು" ಎಂದು ತಿದ್ದಿದರು. "ನಿಮ್ಮ ಲೆಕ್ಕ ಸರಿ ಮೇಡಂ. ನನಗೂ ಹಾಕಕ್ಕಾಗಲ್ಲ." ಅವರ ಕಣ್ಣು ಮಗಳ ಕಡೆಗಿತ್ತು. "ಆದರೆ ಸ್ಪೆಸಿಫಿಕೇಶನ್ ಅದೇ ಇದೆಯಲ್ಲ. ಅಥಾರಿಟಿ ಇಲ್ಲದೆ ನಾನು ಹೇಗೆ ಬದಲಾಯಿಸಲಿ?"

ಹಟವಲ್ಲ ಅದು. ಆ ಮನುಷ್ಯನಿಗೆ ನಿಜಕ್ಕೂ ದಾರಿ ಕಾಣುತ್ತಿರಲಿಲ್ಲ. ಹಿಂದಿನಿಂದ ಮುನಿಯಪ್ಪ ಬೀಡಿ ಆರಿಸಿ ಮುಂದೆ ಬಂದ.

"ನೀನು ಬೈದ್ರೆ ಆಗಾಕಿಲ್ಲ ಮೇಡಮ್ಮ. ಡೀವಿಯೇಶನ್ ಹಾಕ್ಸು. ಕಂಪನೀಲಿ ಅಳವು ತಪ್ಪಿದ ಮಾಲು ಪಾಸ್ ಆಗ್ಬೇಕಂದ್ರೆ ಅದೊಂದು ಫಾರಂ ಐತೆ. ಇಂಗಿಂಗೆ ಅಳವು ತಪ್ಪೈತೆ, ಆದ್ರೂ ನಮ್ಗೆ ಒಪ್ಪಿಗೆ ಅಂತ ಕಸ್ಟಮರ್ ಸೈನ್ ಹಾಕಿದ್ರೆ ಮುಗೀತು. ಅದೊಂದು ಇದ್ಬುಟ್ರೆ ಸಾರು ಕಣ್ಮುಚ್ಕೊಂಡು ಸೀಲ್ ಒತ್ತಾರೆ. ಇಲ್ದಿದ್ರೆ ಅವರಪ್ಪ ಬಂದು ಯೋಳಿದ್ರೂ ಕೇಳಾಕಿಲ್ಲ."

ನಂಜುಂಡಸ್ವಾಮಿ ಮುಳುಗುತ್ತಿದ್ದವನಿಗೆ ಕೈ ಸಿಕ್ಕಂತೆ ಅವನನ್ನು ನೋಡಿದರು. ಆಮೇಲೆ ತಮ್ಮ ಚೀಲಕ್ಕೆ ಕೈಹಾಕಿದರು. ಭಾನುವಾರ, ಮಕ್ಕಳ ಆಟದ ದಿನ, ಆ ಮನುಷ್ಯನ ಚೀಲದಲ್ಲಿ ಫಾರಂ ಪ್ಯಾಡು ಇತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಕೂತು ಶ್ರದ್ಧೆಯಿಂದ ತುಂಬಿದರು. ವಸ್ತು, ರಿಂಗ್. ಇರಬೇಕಾದ ಅಳತೆ, 3050. ಕೇಳಿರುವ ಅಳತೆ, 2440. ಕಾರಣ ಎಂಬಲ್ಲಿ 'ಗಿರಾಕಿಯ ಅಗತ್ಯ' ಎಂದು ಬರೆದು, ಸಹಿಗಾಗಿ ನನ್ನತ್ತ ಚಾಚಿದರು.

"ಗಿರಾಕಿ ನಾನಲ್ಲ" ಎಂದೆ. "ನಾನು ನಾಳೆ ಬಸ್ಸು ಹತ್ತುತ್ತೇನೆ." ಎಡಗಡೆ ಸಾಲನ್ನು ತೋರಿಸಿದೆ.

ಅವರು ಎದ್ದು ಸಾಲಿನ ಕೊನೆಗೆ ಹೋದರು. ಮಗಳ ಎದುರು ಕುಕ್ಕರಗಾಲಲ್ಲಿ ಕೂತರು. ಕೂತಾಗ ಇಬ್ಬರ ಮುಖವೂ ಒಂದೇ ಮಟ್ಟಕ್ಕೆ ಬಂತು.

"ಇಲ್ಲಿ ಸೈನ್ ಮಾಡು ಪುಟ್ಟಿ. ಮಾಡಿದ್ರೆ ರಿಂಗ್ ಇಳಿಸ್ತೀನಿ."

"ಮಾಡ್ದಿದ್ರೆ?"

"ಮಾಡದಿದ್ರೆ ಇಳಿಸಕ್ಕಾಗಲ್ಲ. ನೀನೇ ಕಸ್ಟಮರ್. ನೀನು ಹೇಳಿದಂಗೆ."

ಇಂಚರ ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ. ಕಾಗದವನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ದಿನಾ ಗೋಡೆ ಹತ್ರ ನಿಲ್ಲಲ್ಲ ನಾನು. ಅದನ್ನೂ ಬರಿ."

ನನ್ನ ಪಕ್ಕದಲ್ಲಿದ್ದ ಸುಜಾತ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದು ಬೇರೆ ಐಟಂ ಮಗಾ" ಎಂದರು ನಂಜುಂಡಸ್ವಾಮಿ. "ಅದಕ್ಕೆ ಬೇರೆ ಫಾರಂ ಆಗುತ್ತೆ."

"ಹಂಗಾದ್ರೆ ಬೇರೆ ಫಾರಂ ತೆಗಿ."

ಹದಿನಾರು ವರ್ಷದ ಸರ್ವೀಸಿನಲ್ಲಿ ಅವರು ಗಿರಾಕಿಯ ಮಾತಿಗೆ ಎದುರಾಡಿದವರಲ್ಲ. ಪ್ಯಾಡಿನಿಂದ ಇನ್ನೊಂದು ಹಾಳೆ ಮೇಲೆ ಬಂತು. ವಸ್ತು ಎಂಬಲ್ಲಿ ಮಗಳ ಹೆಸರು ಬರೆದರು. ಇರಬೇಕಾದ ಅಳತೆ ಎಂಬಲ್ಲಿ ಪೆನ್ನು ನಿಂತಿತು. ಆ ಹಸಿರು ಗೆರೆಯ ಅಂಕಿ ಅವರಿಗೆ ಬಾಯಿಪಾಠ, ನನಗೂ ಆಗಿತ್ತು. ಅವರು ಅದನ್ನು ಬರೆಯಲಿಲ್ಲ. ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು, ಕೆಳಗೆ ತಮ್ಮ ಸಹಿ ಹಾಕಿದರು. ಮಗಳು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದು ಮುಗಿಸುವವರೆಗೂ ಪ್ಯಾಡು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.